ಪಡುಗೋಡೆಯ ಹದಿನೆಂಟು ಶೀಟುಗಳು

“ಒಂದು ಚೂರೂ ಒಡೆಯಬಾರದು,” ತ್ಯಾಂಪಣ್ಣ ಕೆಳಗಿನಿಂದ ಗದರಿದ. “ಮೊದಲು ನೀರು ಹೊಡಿ, ಮತ್ತೆ ಮೊಳೆ ಕೀಳು.”

ಏಣಿಯ ಮೇಲಿದ್ದ ಕೆಲಸದಾಳು ತೀರ್ಥರಾಮ ಮಾಸ್ಕು ಸರಿಮಾಡಿಕೊಂಡು ಪೈಪು ಹಿಡಿದ. ಶೀಟು ಬಿಚ್ಚಲು ಇಷ್ಟು ಮಡಿ ಮಾಡಿದವರನ್ನು ಅವನು ಇಚಿಲಂಪಾಡಿಯಲ್ಲಿ ಕಂಡಿರಲಿಲ್ಲ. ಮಳೆಯ ಎರಚಲು ತಡೆಯಲೆಂದು ಪಡುಗೋಡೆಗೆ ಹೊಡೆದಿದ್ದ ಹದಿನೆಂಟು ಹಳೆಯ ಆಸ್ಬೆಸ್ಟಾಸ್ ಶೀಟುಗಳು ಒದ್ದೆಯಾಗಿ, ಇಡಿಯಾಗಿ ಕೆಳಗಿಳಿದವು.

ತ್ಯಾಂಪಣ್ಣನ ಮೊಮ್ಮಗಳು ಯಶಸ್ವಿಗೆ ನಾಲ್ಕು ವರ್ಷ. ಅವಳು ಮಲಗುವುದು ಆ ಗೋಡೆಯ ಪಕ್ಕದ ಕೋಣೆಯಲ್ಲಿ. ಶೀಟಿನ ಅಂಚು ಪುಡಿಯಾಗುತ್ತಿದ್ದುದನ್ನು ಮೊದಲು ಕಂಡವಳು ಪುತ್ತೂರಿನಲ್ಲಿ ನರ್ಸಾಗಿರುವ ಸೊಸೆ ಸುಪ್ರಿತಾ.

“ಅದು ಸುಮ್ಮನೆ ಇದ್ದರೆ ಅಷ್ಟು ಉಪದ್ರ ಇಲ್ಲ ಮಾವ. ಒಡೆದರೆ, ಕೊಯ್ದರೆ ಹುಡಿ ಏಳ್ತದೆ. ಶ್ವಾಸಕೋಶಕ್ಕೆ ಹೋದದ್ದು ಹೊರಗೆ ಬರುದಿಲ್ಲ. ಇವತ್ತು ಎಂತದೂ ಗೊತ್ತಾಗುದಿಲ್ಲ. ಇಪ್ಪತ್ತು ಮೂವತ್ತು ವರ್ಷ ಕಳೆದ ಮೇಲೆ ಕ್ಯಾನ್ಸರೂ ಬರಬಹುದು.”

ಮೊಮ್ಮಗಳೆಂದರೆ ಪ್ರಾಣ ಬಿಡುವ ಮುದುಕ. ಎರಡು ದಿನ ಅವನಿಗೆ ಊಟ ಸೇರಲಿಲ್ಲ. ಮೂರನೆಯ ದಿನ ಚನಿಯಪ್ಪನ ನೆನಪಾಯಿತು, ಹಸಿವು ತಾನಾಗಿ ಬಂತು.

ಚನಿಯಪ್ಪ ಬೇಲಿಯಾಚೆಯವನು. ಹನ್ನೊಂದು ವರ್ಷದ ಹಿಂದೆ, ಗಡಿಕಲ್ಲಿನ ತಕರಾರಿನಲ್ಲಿ, ಇಬ್ಬರೂ ದೈವದ ಎದುರು ಆಣೆ ಹಾಕಿಕೊಂಡಿದ್ದರು. ಅಂದಿನಿಂದ ಆ ಮನೆಯ ನೀರು ಈ ಮನೆಗಿಲ್ಲ, ಈ ಮನೆಯ ಹುಲ್ಲುಕಡ್ಡಿ ಆ ಮನೆಗಿಲ್ಲ. ಬೈಗುಳಕ್ಕೆ ಮಾತ್ರ ಆಣೆ ಅಡ್ಡ ಬರಲಿಲ್ಲ. ಅದು ದಿನಾ ಬೇಲಿ ದಾಟುತ್ತಿತ್ತು.

ಸುಪ್ರಿತಾ ಶೀಟುಗಳನ್ನು ದಪ್ಪ ಪ್ಲಾಸ್ಟಿಕ್ಕಿನಲ್ಲಿ ಸುತ್ತಿಸಿ, ಎಲ್ಲಿ ವಿಲೇವಾರಿ ಮಾಡಬೇಕೆಂದು ಪಂಚಾಯತಿನಲ್ಲಿ ಕೇಳಲು ಹೇಳಿ ಡ್ಯೂಟಿಗೆ ಹೋದಳು. ತ್ಯಾಂಪಣ್ಣ ಗುಜರಿ ವ್ಯಾಪಾರದ ಶಾಫಿಯನ್ನು ಕರೆಸಿದ.

“ಚನಿಯಪ್ಪ ರಬ್ಬರ್ ಒಣಗಿಸುವ ಹೊಗೆಮನೆಗೆ ಹಳೆ ಶೀಟು ಹುಡುಕ್ತಾ ಇದ್ದಾನಂತಲ್ಲ. ಇದನ್ನು ಕೊಡು. ಸುಳ್ಯದಿಂದ ಬಂದದ್ದು ಅಂತ ಹೇಳು. ನನ್ನ ಹೆಸರು ಎತ್ತಬೇಡ.”

“ಪ್ಲಾಸ್ಟಿಕ್ ಎಂತಕ್ಕೆ?”

“ಅದನ್ನು ಬಿಚ್ಚಿಯೇ ಕೊಡು.”

“ನಿಮಗೆ ಎಂತ ಲಾಭ ಮಾರಾಯ್ರೆ?”

“ನೆರೆಯವನಿಗೆ ಒಂದು ಉಪಕಾರ.”

ಶೀಟು ಉದ್ದ, ಹೊಗೆಮನೆ ಗಿಡ್ಡ. ಕೊಯ್ಯದೆ ಆಗದು. ಚನಿಯಪ್ಪ ಕೆಲಸಕ್ಕೆ ಜನ ಇಡದ ಜಿಪುಣ. ತಾನೇ ಮಿಷನ್ ಹಿಡಿಯುತ್ತಾನೆ, ಬರಿ ಮೂಗಿನಲ್ಲಿ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎನ್ನುತ್ತಾರೆ. ತ್ಯಾಂಪಣ್ಣನಿಗೆ ಹಾವು ಸಾಯಲೇಬೇಕಿತ್ತು. ಕಾಯುವುದಕ್ಕೆ ಅವನ ಅಭ್ಯಂತರವಿರಲಿಲ್ಲ.

ಶೀಟುಗಳು ಬೇಲಿಯಾಚೆ ಎರಡು ದಿನ ಬಿದ್ದಿದ್ದವು. ಮೂರನೆಯ ದಿನ ಕಾಣಲಿಲ್ಲ.

ಗುರುವಾರ ಗುಡ್ಡದ ಆಚೆಯಿಂದ ಕಟ್ಟಿಂಗ್ ಮಿಷನ್ನಿನ ಕಿರಿಚಾಟ ಕೇಳಿತು. ಹೊಗೆಮನೆ ಇರುವುದೂ ಆ ಕಡೆಗೇ. ತ್ಯಾಂಪಣ್ಣ ಜಗಲಿಯಲ್ಲಿ ಕಾಲು ಚಾಚಿ ಕುಳಿತ. ಹೊಟ್ಟೆ ತಣ್ಣಗಾಯಿತು.

ಶುಕ್ರವಾರವೂ ಕೇಳಿತು. “ಕೊಯ್ಯಲಿ,” ಅಂದ. “ಚೆನ್ನಾಗಿ ಎಳೆದುಕೊಳ್ಳಲಿ.”

ಮಧ್ಯಾಹ್ನದ ಮೇಲೆ ಯಶಸ್ವಿ ಅಂಗನವಾಡಿಯಿಂದ ಓಡಿ ಬಂದು ಅವನ ಮಡಿಲಿಗೆ ಬಿದ್ದಳು. ಫ್ರಾಕಿನ ಮೇಲೆಲ್ಲ ಬಿಳಿ. ಈ ಕಾಲದ ಮಕ್ಕಳಿಗೆ ಸೀಮೆಸುಣ್ಣ ಇರುವುದು ಬರೆಯಲಿಕ್ಕಲ್ಲ, ಬಳಿದುಕೊಳ್ಳಲಿಕ್ಕೆ ಎಂದು ಗೊಣಗುತ್ತ ಅಜ್ಜ ಅದನ್ನು ಕೈಯಿಂದಲೇ ಕೊಡವಿದ. ಅವನ ಕಿವಿ ಇನ್ನೂ ಗುಡ್ಡದ ಕಡೆಗಿತ್ತು.

ಶನಿವಾರ ಬೆಳಿಗ್ಗೆ ಶಾಫಿ ಪಿಕಪ್ ನಿಲ್ಲಿಸಿ ನಗುತ್ತ ಇಳಿದ.

“ಚನಿಯಪ್ಪನ ಹೊಗೆಮನೆ ಮುಗಿಯಿತಾ?” ತ್ಯಾಂಪಣ್ಣ ಕೇಳಿದ.

“ಎಂತ ಹೊಗೆಮನೆ? ಮೊಳೆಯ ತೂತು ನೋಡಿಯೇ ನಿಮ್ಮ ಶೀಟು ಅಂತ ಅವರಿಗೆ ಗೊತ್ತಾಯಿತು. ಹನ್ನೊಂದು ವರ್ಷ ಕಣ್ಣೆದುರು ಇದ್ದ ಗೋಡೆ ಅಲ್ವಾ? ‘ಆಣೆ ಇರುವ ಮನೆಯ ವಸ್ತು ನನಗೆ ಬೇಡ’ ಅಂದರು.”

“ಮತ್ತೆ ಕೊಯ್ದದ್ದು ಎಲ್ಲಿ?”

“ಅಂಗನವಾಡಿಗೆ ದಾನ ಕೊಟ್ಟರು ಮಾರಾಯ್ರೆ, ಅಲ್ಲಿಯೇ ಅಂಗಳದಲ್ಲಿ ಕೊಯ್ದದ್ದು, ಎರಡು ದಿನ ಮಕ್ಕಳಿಗೆ ಆ ಹುಡಿಯಲ್ಲೇ ಅಡುಗೆ ಆಟ, ಎಲ್ಲರಿಗಿಂತ ಮುಂದೆ ನಿಮ್ಮ ಪುಳ್ಳಿ ಯಶಸ್ವಿ.”