ಉಪ್ಪು ನೋಡಿದ ತಪ್ಪಿಗೆ

ತಿಂದ ಕೂಡಲೇ ಮಲಗಿದರೆ ತೂಕ ಏರುತ್ತದೆಂದು ಡಿಪೋದವರು ಎಲ್ಲ ಡ್ರೈವರುಗಳ ಕೈಗೂ ಬಳೆ ತೊಡಿಸಿದ್ದರು. ತುತ್ತು ಇಳಿದೊಡನೆ ಅದು ಕೆಂಪಾಗುತ್ತದೆ. ಮೂರು ಗಂಟೆಯೊಳಗೆ ಕಣ್ಣು ಮುಚ್ಚಿದರೆ ಕಿರುಚುತ್ತದೆ.

ರಾತ್ರಿಪಾಳಿ ಮುಗಿಸಿ ಬಂದ ಗಂಗಾಂಬಿಕೆ ಬೆಳಿಗ್ಗೆ ತಿಂಡಿಯನ್ನೂ ಬಿಟ್ಟು ಹಾಸಿಗೆಗೆ ಬಿದ್ದಳು. ಬಳೆ ಕಿರುಚಿತು.

“ನಾನೇನು ತಿಂದೆ ರೀ?”

ಗಂಡ ರೇವಣ್ಣ ಅಡುಗೆಮನೆಯಿಂದ ಸೌಟು ಹಿಡಿದೇ ಓಡಿಬಂದ. “ಸಾರಿಗೆ ಉಪ್ಪು ಸಾಕಾ ನೋಡು ಅಂತ ಈಗ ತಾನೆ ಅಂಗೈಗೆ ಬಿಟ್ನಲ್ಲ, ನೆಕ್ಕಿದೆಯಲ್ಲ!”

“ಅದೂ ಊಟವಾ?”

ಬಳೆಗೆ ಅದೂ ಊಟವೇ. ಅದು ಹಸಿರಾಗುವ ಹೊತ್ತಿಗೆ ಮಧ್ಯಾಹ್ನದ ಗಾಡಿಗೆ ಹೊರಡಬೇಕಾಗಿತ್ತು.

ಡಿಪೋದಲ್ಲಿ ತೂಕ ನೋಡಿದ ಗುಮಾಸ್ತ, “ಅರವತ್ತೆರಡೇ ಇದೀರಿ ಮೇಡಂ, ಫಿಟ್” ಅಂದ. ನಿದ್ದೆ ಆಯಿತಾ ಎಂದು ಕೇಳಲಿಲ್ಲ.

ಬಸ್ಸಿನಲ್ಲಿ ಐವತ್ತು ಜನ ಕೂತಿದ್ದರು. ಅವಳ ರೆಪ್ಪೆ ತಾನಾಗಿಯೇ ಎಳೆಯುತ್ತಿತ್ತು. ಬಳೆ ಹಸಿರಾಗಿ ತೆಪ್ಪಗಿತ್ತು. ಈಗ ಸ್ಟಿಯರಿಂಗ್ ಮೇಲೆಯೇ ನಿದ್ದೆಹೋದರೂ ಅದು ಕೂಗುವುದಿಲ್ಲ.

ರೇವಣ್ಣ ಕಟ್ಟಿಕೊಟ್ಟ ಡಬ್ಬಿ ಬಿಚ್ಚಿ ಅದೇ ಸಾರನ್ನದ ಒಂದು ತುತ್ತು ಬಾಯಿಗಿಟ್ಟುಕೊಂಡಳು. ಬಳೆ ಕೆಂಪಾದ ಮೇಲೆಯೇ ಗಾಡಿ ಸ್ಟಾರ್ಟ್ ಮಾಡಿದಳು.