ಜಗ್ಗಿದ ಬೆರಳು

ಕೋರ್ಟಿನಲ್ಲಿ ಹೆಡ್ ಮಾಸ್ತರರು ಶಾಲೆಯ ರಿಜಿಸ್ಟರ್ ನೋಡಿ ಕಾಂತುವಿನ ಜನ್ಮ ತಾರೀಖು "ಜೂನ್ ಒಂದು" ಎಂದು ಓದಿದಾಗ, ಕಟಕಟೆಯಲ್ಲಿ ನಿಂತಿದ್ದ ಅವನ ಅವ್ವ ಕಾಶಿಬಾಯಿ ಅಲ್ಲವೆಂಬಂತೆ ತಲೆಯಾಡಿಸಿದಳು. ಆ ಲೆಕ್ಕದಲ್ಲಿ, ಆಟದ ಜಗಳಕ್ಕೆ ಗೆಳೆಯನ ತಲೆಗೆ ಬ್ಯಾಟಿನಿಂದ ಹೊಡೆದು ಕೊಂದ ದಿನ ಕಾಂತುವಿಗೆ ಹದಿನೆಂಟು ತುಂಬಿ ಎರಡು ತಿಂಗಳಾಗಿತ್ತು. ಅಂದರೆ ದೊಡ್ಡವರ ವಿಚಾರಣೆ, ದೊಡ್ಡವರ ಜೈಲು.

"ಈ ತಾರೀಖು ಬರೆಸಿದವರು ನೀವೇನಮ್ಮಾ?" ಎಂದರು ನ್ಯಾಯಾಧೀಶರು.

ಕಾಶಿಬಾಯಿ ಹಿಂದೆ ತಿರುಗಿ ನೋಡಿದಳು. ಬೆಂಚುಗಳಲ್ಲಿ ಅವಳ ಕಡೆಯವರು ಒಬ್ಬರೂ ಇರಲಿಲ್ಲ. ಮೋರಟಗಿಯಿಂದ ಬಂದ ಬಸ್ಸಿನಲ್ಲೂ ಊರವರು ಯಾರೂ ಅವಳ ಪಕ್ಕ ಕೂತಿರಲಿಲ್ಲ. "ಹೌದ್ರಿ ಸಾಹೇಬ್ರ, ಆದ್ರ ಅದು ಸುಳ್ಳ ಐತ್ರಿ. ಆಗ ಇವಗ ಐದೂ ತುಂಬಿರಲಿಲ್ರಿ, ಆರು ಅಂತ ಬರೆಸಿದ್ನಿ. ನಾ ಕೂಲಿಗಿ ಹ್ವಾದ್ರ ಮನ್ಯಾಗ ನೋಡವರು ಯಾರೂ ಇರಲಿಲ್ರಿ. ತಲಿ ಮ್ಯಾಲಿಂದ ಕೈ ಹಾಯ್ಸಿ ಆ ಕಡಿ ಕಿವಿ ಮುಟ್ಟಿದ್ರ ಸಾಲಿಗಿ ತಗೋತೇವಿ ಅಂದಿದ್ರು. ಮುಟ್ಟಲಿಲ್ರಿ. ನಾನ ಬೆರಳ ಹಿಡದು ಜಗ್ಗಿದ್ನಿ."

"ಇದಕ್ಕೆ ಬೇರೆ ಸಾಕ್ಷಿ ಯಾರಿದ್ದಾರೆ?"

"ಹಡಸಿದ ಸೂಲಗಿತ್ತಿ ರುಕ್ಮವ್ವ ಸತ್ತಾಳ್ರಿ. ಈಗ ನಾ ಒಬ್ಬಾಕೀನ ಅದೀನ್ರಿ."

ಕಾಶಿಬಾಯಿ ಸೆರಗಿನಿಂದ ಕಣ್ಣೊರೆಸಿಕೊಂಡಳು. ಪೊಲೀಸರ ನಡುವೆ ನಿಂತಿದ್ದ ಕಾಂತುವಿಗೆ ಅವ್ವ ಅಳುತ್ತಿದ್ದಾಳೆ ಎಂಬುದಷ್ಟೇ ತಿಳಿಯಿತು. ಅವನು ಬಲಗೈಯನ್ನು ತಲೆಯ ಮೇಲಿಂದ ಹಾಯಿಸಿ ಎಡಗಿವಿಯನ್ನು ಗಟ್ಟಿಯಾಗಿ ಹಿಡಿದುಕೊಂಡ.

"ಅಳಬ್ಯಾಡಬೇ ಯವ್ವಾ," ಅಂದ. "ಈಗ ಮುಟ್ಟತೈತಿ ನೋಡು."