ಯೇಸಪ್ಪನ ಹತ್ರ ಕಾಲು ಗಂಟೆ

ಮಗಳನ್ನು ಮಣ್ಣು ಮಾಡಿ ಬಂದ ನಾಲ್ಕನೆಯ ಬೆಳಿಗ್ಗೆ ಟೈಲರಮ್ಮ ಹೊಲಿಗೆ ಕೋಣೆಯ ಬಾಗಿಲು ಹಾಕಿಕೊಂಡು ಮಂಡಿಯೂರಿದಳು. ಕೆಲಸಕ್ಕೆ ಕೂರುವ ಮುಂಚೆ ಕಾಲು ಗಂಟೆ ದೇವರೊಂದಿಗೆ ಒಬ್ಬಳೇ ಇರುವುದು ಅವಳು ವರ್ಷಗಳಿಂದ ತಪ್ಪಿಸದ ನೇಮ. ಆರು ವರ್ಷದ ಮಗಳಿಗೆ ಮಾತ್ರ ಅದನ್ನು ಸಹಿಸಲಾಗುತ್ತಿರಲಿಲ್ಲ. ಬಾಗಿಲಿಗೆ ಕೆನ್ನೆಯೊತ್ತಿ, "ಅಮ್ಮಾ, ಯೇಸಪ್ಪನ ಹತ್ರ ಇನ್ನೂ ಎಷ್ಟು ಮಾತಿದೆ?" ಎಂದು ಪೀಡಿಸುತ್ತಿದ್ದಳು. "ಸುಮ್ನಿರೇ, ಬಂದೆ," ಎಂದು ಇವಳು ಗದರುತ್ತಿದ್ದಳು.

ಇವತ್ತು ಯಾರೂ ಕರೆಯಲಿಲ್ಲ. ಒಂದು ಗಂಟೆ ಕಳೆದರೂ ಬಾಯಿಗೆ ಒಂದು ಪ್ರಾರ್ಥನೆಯೂ ಬರಲಿಲ್ಲ. ಗಂಡ ಮೆಲ್ಲಗೆ ಬಾಗಿಲು ತಳ್ಳಿ, "ಒಂದು ಗುಟುಕು ನೀರಾದ್ರೂ ಕುಡಿಯೇ," ಎಂದ.

ಅವಳು ತಿರುಗಲಿಲ್ಲ. "ಸ್ವಾಮಿ, ನಿನ್ನ ಹತ್ರ ಮಾತಾಡೋಕೆ ಅಂತ ನನ್ನ ಕೂಸನ್ನ ದಿನಾ ಆಚೆ ನಿಲ್ಲಿಸ್ತಿದ್ದೆನಲ್ಲಾ!" ಎಂದಳು. ನಾಲ್ಕು ದಿನದಿಂದ ಬಾರದ ಅಳು ಕಟ್ಟೆಯೊಡೆದು ಬಂತು. ಗಂಡ ಒಳಗೆ ಬಂದು ಪಕ್ಕದಲ್ಲಿ ಕುಸಿದು ಕೂತ. ಅವಳು ಅವನನ್ನು ಆಚೆ ಕಳಿಸಲಿಲ್ಲ.